ಮಾರುವ ಮನೆಗೆ ಎಷ್ಟು ಸುರಿಯಬೇಕು?

ಇರುವ ಮನೆಯ ರಿಪೇರಿ ಬೇರೆ, ಮಾರುವ ಮನೆಯ ರಿಪೇರಿ ಬೇರೆ. ಮೈಸೂರಿನಲ್ಲಿ ಹಳೇ ಮನೆಗಳ ರಿಪೇರಿ ಕಂಟ್ರಾಕ್ಟು ಹಿಡಿಯುವ ನಾನು ಯಾರೇ ಕರೆದರೂ ಹೊಸ್ತಿಲು ದಾಟುವ ಮೊದಲು ಕೇಳುವುದು ಇದನ್ನೇ: ‘ಇಲ್ಲೇ ಇರ್ತೀರೋ, ಕೊಟ್ಟುಬಿಡ್ತೀರೋ?’ ಕೊಡುವುದು ಅಂದರೆ ನನ್ನ ಎಸ್ಟಿಮೇಟು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ‘ಹೀಗೆ ವ್ಯಾಪಾರ ಮಾಡಿದರೆ ನಾವು ಉದ್ಧಾರ ಆದ ಹಾಗೇ’ ಅಂತ ನಮ್ಮ ಯಜಮಾನರು ಗೊಣಗುವುದೂ ಉಂಟು. ಆದರೆ ಮಾರುವ ಮನೆಗೆ ಲಕ್ಷಗಟ್ಟಲೆ ಸುರಿದು, ಆ ದುಡ್ಡು ಬೆಲೆಯಲ್ಲಿ ವಾಪಸ್ ಬಾರದೆ ಕೈಕೈ ಹಿಸುಕಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನನ್ನ ಕೈಗೆ ಬರುವ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾಲದವು. 1903ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, ಅಂದರೆ ಸಿಐಟಿಬಿ, 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಆಯಿತಲ್ಲ, ಅದಕ್ಕೆ ಹತ್ತು ಹದಿನೈದು ವರ್ಷ ಹಿಂದೆ ಹಂಚಿದ ಸೈಟುಗಳಲ್ಲಿ ಮೇಷ್ಟ್ರುಗಳು, ಬ್ಯಾಂಕ್ ಗುಮಾಸ್ತರು, ರೈಲ್ವೆ ವರ್ಕ್‌ಶಾಪಿನವರು ಸಾಲ ಸೋಲ ಮಾಡಿ ಎಬ್ಬಿಸಿದ ಮನೆಗಳು. ಹಾಲಿಗೆ ಮೊಸಾಯಿಕ್, ಜಗಲಿಗೂ ಬಚ್ಚಲಿಗೂ ರೆಡ್ ಆಕ್ಸೈಡ್, ಅಡುಗೆಕಟ್ಟೆಗೆ ಕಡಪ ಕಲ್ಲು, ಎದುರು ಬಾಗಿಲು ಮಾತ್ರ ತೇಗ. ಮೀಟರ್ ಬೋರ್ಡಿನಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಕಟ್ಟಿಸಿದವರಿಗೆ ಈಗ ಎಂಬತ್ತರ ಆಸುಪಾಸು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಮೆಟ್ಟಿಲು ಹತ್ತಲಾಗದೆ, ಅಂಗಳ ಗುಡಿಸಲಾಗದೆ ಕೊನೆಗೆ ಮನೆ ಮಾರಾಟಕ್ಕೆ ಬರುತ್ತದೆ. ಇವುಗಳ ಪೈಕಿ ಎಷ್ಟೋ ಮನೆಗಳ ಗಾರೆ ಕೆಲಸ ನಮ್ಮಪ್ಪನದು. ನಾನು ಸಿವಿಲ್ ಡಿಪ್ಲೊಮಾ ಓದಿದ್ದೇನೆ ನಿಜ, ಆದರೆ ಗೋಡೆ ತಟ್ಟಿ ಅದರ ಆರೋಗ್ಯ ಹೇಳುವುದನ್ನು ಕಲಿತದ್ದು ಅಪ್ಪನ ಜೊತೆ ಓಡಾಡಿ.

ರಿಪೇರಿಯ ಮಾತಿಗೆ ಮೊದಲು ಕೊಳ್ಳುವವರು ಯಾರು ಅನ್ನುವುದನ್ನು ಅಂದಾಜು ಮಾಡಿ. ಮೂಲೆ ಸೈಟು, ಅಗಲವಾದ ರಸ್ತೆ, 40×60 ಜಾಗ, ಅದರಲ್ಲೊಂದು ಸಣ್ಣ ಹಳೇ ಮನೆ ಎಂದಾದರೆ ಅದನ್ನು ತೆಗೆದುಕೊಳ್ಳುವವನು ಬಹುಶಃ ಮನೆ ಕೆಡವಿ ಮೂರಂತಸ್ತು ಎಬ್ಬಿಸುತ್ತಾನೆ. ಅವನು ಲೆಕ್ಕ ಹಾಕುವುದು ನೆಲವನ್ನು. ಅಂಥ ಮನೆಗೆ ಬಣ್ಣ ಬಳಿಸುವುದೂ ದಂಡ. ಅಂಗಳದ ಕಸಕಡ್ಡಿ ತೆಗೆಸಿ, ಕಾಂಪೌಂಡಿನ ನಾಲ್ಕೂ ಮೂಲೆ ಕಾಣುವ ಹಾಗೆ ಗಿಡ ಕಡಿಸಿ, ಕಾಗದಪತ್ರ ಸರಿಮಾಡಿಕೊಂಡರೆ ಮುಗಿಯಿತು. 30×40ರ ಗಟ್ಟಿ ಮನೆ, ಒಳ್ಳೆ ಬೀದಿ, ಹತ್ತಿರದಲ್ಲಿ ಶಾಲೆ ಇದ್ದರೆ ಮಾತ್ರ ಸಂಸಾರಸ್ಥರು ಬರುತ್ತಾರೆ. ಮುಂದೆ ಹೇಳುವುದೆಲ್ಲ ಅಂಥ ಮನೆಗೆ.

ಸಂಸಾರಸ್ಥರು ಮನೆ ನೋಡುವ ರೀತಿಯನ್ನು ನಾನು ಬಾಗಿಲ ಹಿಂದೆ ನಿಂತು ಗಮನಿಸಿದ್ದೇನೆ. ಚೆಂದದ್ದು ಕಂಡರೆ ‘ಚೆನ್ನಾಗಿದೆ’ ಅಂದು ಮುಂದಕ್ಕೆ ಹೋಗುತ್ತಾರೆ, ಅದಕ್ಕೆ ನೂರು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಅನುಮಾನ ಬಂದರೆ ಮಾತ್ರ ಅಲ್ಲೇ ನಿಲ್ಲುತ್ತಾರೆ. ಸೂರಿನಲ್ಲಿ ಒಂದು ಕಂದು ಕಲೆ ಕಂಡರೆ ಸಾಕು, ‘ತಾರಸಿ ಪೂರ್ತಿ ಹೋಗಿದೆ’ ಅಂತ ಲಕ್ಷದ ಲೆಕ್ಕದಲ್ಲಿ ಬೆಲೆ ಮುರಿಯುತ್ತಾರೆ. ಆ ಕಲೆಯ ಮೂಲ ಸರಿಮಾಡಲು ಕೆಲವು ಸಾವಿರ ಸಾಕಾಗಿತ್ತು. ಮಾರುವ ಮನೆಯಲ್ಲಿ ದುಡ್ಡು ಈ ಅನುಮಾನಗಳ ಬೆನ್ನು ಹತ್ತಬೇಕು. ಶೋಕಿಯ ಬೆನ್ನು ಹತ್ತಬಾರದು.

ಕಳೆದ ಧನುರ್ಮಾಸದಲ್ಲಿ ಕುವೆಂಪುನಗರದ ಒಬ್ಬರು ನಿವೃತ್ತ ಮೇಷ್ಟ್ರ ಮನೆ ಹಿಡಿದೆ. ಬೆಂಗಳೂರಿನಿಂದ ಬಂದ ಮಗ ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಂಡಿದ್ದ: ಹಾಲಿಗೆ ಫಾಲ್ಸ್ ಸೀಲಿಂಗ್, ಮೊಸಾಯಿಕ್ ಮೇಲೆ ವಿಟ್ರಿಫೈಡ್ ಟೈಲು, ಮಾಡ್ಯುಲರ್ ಕಿಚನ್, ಎದುರು ಗೋಡೆಗೆ ಕಲ್ಲಿನ ಕ್ಲ್ಯಾಡಿಂಗ್. ಬೇರೊಬ್ಬರು ಅದಕ್ಕೆ ₹9 ಲಕ್ಷದ ಎಸ್ಟಿಮೇಟು ಬರೆದುಕೊಟ್ಟಿದ್ದರು. ‘ಅಕ್ಕಾ, ಈಗಿನೋರು ಇದನ್ನೆಲ್ಲ ಎಕ್ಸ್‌ಪೆಕ್ಟ್ ಮಾಡ್ತಾರೆ’ ಅಂದ. ‘ಅವರ ಮನೆಗೆ ಅವರಿಗೆ ಬೇಕಾದ ಕಿಚನ್ನು ಅವರೇ ಹಾಕಿಸಿಕೊಳ್ಳಲಿ ಬಿಡಪ್ಪ, ನಿನ್ನ ಬಣ್ಣ ಅವರಿಗೆ ಹಿಡಿಸದೇ ಹೋದರೆ?’ ಅಂದೆ. ಮೇಷ್ಟ್ರು ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಪಟ್ಟಿಯ ಒಂದೊಂದೇ ಸಾಲು ಅಳಿಸುತ್ತ ಬಂದೆವು. ಕೊನೆಗೆ ಒಟ್ಟು ಖರ್ಚು ₹2.3 ಲಕ್ಷದೊಳಗೆ ನಿಂತಿತು.

ಶುರುಮಾಡಿದ್ದು ತಾರಸಿಯಿಂದ. ಹಳೇ ಮನೆಯಲ್ಲಿ ಯಾವಾಗಲೂ ನೀರಿನದೇ ಮೊದಲ ವಿಚಾರಣೆ. ಆ ಕಾಲದ ತಾರಸಿಗಳ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣದ ಒಂದು ಪದರ ಇರುತ್ತದೆ. ಚೆನ್ನಾಗಿ ಬಡಿದು ಕೂರಿಸಿದ್ದರೆ ನಲವತ್ತು ವರ್ಷ ಆದರೂ ಜಪ್ಪಯ್ಯ ಅನ್ನುವುದಿಲ್ಲ. ಸೋರುವುದು ಸಾಮಾನ್ಯವಾಗಿ ನಡುವಿನಲ್ಲಲ್ಲ, ಅಂಚಿನಲ್ಲಿ: ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಜಾಗ, ಮಳೆನೀರಿನ ಪೈಪಿನ ಬಾಯಿ, ಟ್ಯಾಂಕಿನ ಕೆಳಗೆ. ಮೇಷ್ಟ್ರ ಮನೆಯಲ್ಲಿ ನೈರುತ್ಯದ ರೂಮಿನ ಮೂಲೆಯಲ್ಲಿ ತಟ್ಟೆಯಗಲದ ಕಲೆ. ಮೇಲೆ ಹೋಗಿ ನೋಡಿದರೆ ಪೈಪಿನ ಬಾಯಲ್ಲಿ ಕೊಳೆತ ಎಲೆ, ಒಂದು ಹಳೇ ಚೆಂಡು, ಅದರ ಪಕ್ಕ ಗೋಡೆಯ ಬಿರುಕಿನಿಂದ ಗೇಣುದ್ದದ ಅರಳಿ ಗಿಡ. ಅರಳಿ ಗಿಡವನ್ನು ಕಿತ್ತರೆ ಸಾಲದು. ಬೇರು ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ, ಆದ್ದರಿಂದ ಗಾರೆ ಒಡೆದು ಬೇರಿನ ಜಾಡು ಹಿಡಿದು ತೆಗೆಯಬೇಕು. ತೆಗೆದು, ಬಿರುಕನ್ನು ‘ವಿ’ ಆಕಾರಕ್ಕೆ ಅಗಲಿಸಿ, ಪಾಲಿಮರ್ ಬೆರೆಸಿದ ಗಾರೆ ತುಂಬಿ, ಮೂಲೆ ಉದ್ದಕ್ಕೂ ದುಂಡಗೆ ಏರು ಕೊಟ್ಟೆವು. ಆಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ತಾರಸಿ ಮೇಲೆ ಎರಡಂಗುಲ ನೀರು ಕಟ್ಟಿ ಎರಡು ದಿನ ಬಿಟ್ಟು ಕೆಳಗಿನಿಂದ ಸೂರು ನೋಡಿದೆವು. ಒಣಗಿತ್ತು. ಅದಾದ ಮೇಲೆ ವಾಟರ್‌ಪ್ರೂಫ್ ಬಣ್ಣ. ಈ ಪರೀಕ್ಷೆ ಬಿಟ್ಟು ನೇರ ಬಣ್ಣ ಬಳಿಯುವವರ ಮಾತು ನಂಬಬೇಡಿ. ಯಾವ ಡಬ್ಬದ ಬಣ್ಣವೂ ಗೋಡೆಯೊಳಗಿನ ಬೇರನ್ನು ಸಾಯಿಸುವುದಿಲ್ಲ.

ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಎದ್ದಿದ್ದರೆ ಅದು ಬೇರೆಯೇ ಕಥೆ, ನೆಲದ ತೇವ ಮೇಲೇರುತ್ತಿದೆ ಅಂತ ಅರ್ಥ. ಅಂಗಳದ ಮಣ್ಣು ವರ್ಷ ವರ್ಷ ಏರಿ ತಳಪಾಯದ ಪಟ್ಟಿಯನ್ನೇ ಮುಚ್ಚಿಕೊಂಡಿರುವುದು ಒಂದು ಕಾರಣ. ಗೋಡೆಗೆ ಒರಗಿಸಿ ಪಾತಿ ಮಾಡಿ ದಾಸವಾಳಕ್ಕೆ ದಿನಾ ನೀರು ಹನಿಸುವುದು ಇನ್ನೊಂದು. ಮಣ್ಣು ಇಳಿಸಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟರೆ ಆಳಿನ ಕೂಲಿಯಲ್ಲಿ ಮುಗಿಯುವ ಕೆಲಸ. ಉಪ್ಪಾದ ಗಾರೆಯನ್ನು ಕೆರೆದು, ಆ ಜಾಗ ಪೂರ್ತಿ ಒಣಗಲು ಬಿಟ್ಟು ಆಮೇಲೆ ಹೊಸ ಗಾರೆ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಕಡೆ ಮಾತ್ರ ಒಡೆಸಿ. ಪೂರ್ತಿ ಗೋಡೆ ಒಡೆಯೋಣ ಅನ್ನುವ ಮೇಸ್ತ್ರಿಗೆ ನಿಮ್ಮ ಮನೆಗಿಂತ ಅವನ ಕೂಲಿಯ ಚಿಂತೆ ಜಾಸ್ತಿ.

ಸಜ್ಜಾಗಳ ಅಡಿಯನ್ನು ಮರೆಯದೆ ನೋಡಿ. ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಸುತ್ತಲಿನ ಸಡಿಲ ಕಾಂಕ್ರೀಟು ತೆಗೆದು, ಕಂಬಿಗೆ ತಂತಿ ಬ್ರಷ್ ಹಾಕಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಹಚ್ಚಿ, ಆಮೇಲೆ ಗಾರೆ ಕಟ್ಟಬೇಕು. ಬರೀ ಗಾರೆ ಮೆತ್ತಿ ಸುಣ್ಣ ಬಳಿಯುವುದು ಮೋಸ. ಮೋಸ ಅಂದದ್ದು ಸುಮ್ಮನೆ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ನೋಡಿದರೆ ಕಾಣದಂಥ ಮುಖ್ಯ ದೋಷವನ್ನು ಮಾರುವವನು ಬಾಯಿಬಿಟ್ಟು ಹೇಳಲೇಬೇಕು. ನಾನಂತೂ ಗಿರಾಕಿಗಳಿಗೆ ರಿಪೇರಿಯ ಮುಂಚಿನ, ನಂತರದ ಫೋಟೊ ತೆಗೆದಿಟ್ಟುಕೊಳ್ಳಿ ಅನ್ನುತ್ತೇನೆ. ‘ಇಲ್ಲಿ ಹೀಗಿತ್ತು, ಹೀಗೆ ಸರಿಮಾಡಿಸಿದ್ದೇವೆ’ ಅಂತ ತೋರಿಸಿದರೆ ಬಂದವರ ಮುಖ ಸಡಿಲವಾಗುತ್ತದೆ. ಮುಚ್ಚಿಟ್ಟದ್ದನ್ನು ಅವರ ಜೊತೆ ಬಂದ ಯಾವನೋ ಭಾವಮೈದುನ ಎಂಜಿನಿಯರ್ ಹೇಗೂ ಕಂಡುಹಿಡಿಯುತ್ತಾನೆ.

ನೆಲದ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಮೊಸಾಯಿಕ್ ಮೇಲೆ ಟೈಲು ಹಾಕಿಸುವುದು ಅಂದರೆ ನನಗೆ ಸಂಕಟ. ಟೈಲಿನ ದಪ್ಪಕ್ಕೆ ಎಲ್ಲ ಬಾಗಿಲುಗಳ ಬುಡ ಕೊಯ್ಯಬೇಕು, ಹೊಸ್ತಿಲು ಹೂತುಹೋಗುತ್ತದೆ, ಅಡುಗೆಮನೆಯಿಂದ ಹಾಲಿಗೆ ಬರುವಾಗ ಎಡವುವ ಮೆಟ್ಟಿಲೊಂದು ಹುಟ್ಟುತ್ತದೆ. ಇಷ್ಟಾಗಿ ಅಡಿಯಲ್ಲಿರುವ ಮೊಸಾಯಿಕ್ ಕೆಟ್ಟಿರುವುದೇ ಇಲ್ಲ, ಬರೀ ಮಂಕಾಗಿರುತ್ತದೆ. ನಲವತ್ತು ವರ್ಷದ ಕೊಳೆ, ಫಿನೈಲು, ಮಧ್ಯೆ ಯಾರೋ ಆ್ಯಸಿಡ್ ಹಾಕಿ ತೊಳೆದ ಗುರುತು. ಪಾಲಿಶ್ ಮಿಷನ್ನಿನವರನ್ನು ಕರೆಸಿ. 60ನೇ ನಂಬರಿನ ಒರಟು ಕಲ್ಲಿನಿಂದ ಶುರುಮಾಡಿ ನೀರು ಹಾಕಿಕೊಂಡು ಉಜ್ಜುತ್ತ, ನಯವಾದ ಕಲ್ಲುಗಳಿಗೆ ಬದಲಾಯಿಸುತ್ತ 400ರವರೆಗೆ ಹೋಗಿ, ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಉಜ್ಜಿದರೆ ಚಿಪ್ಸಿನ ಒಂದೊಂದು ಕಲ್ಲೂ ಮಿರುಗುತ್ತದೆ. ಮೊದಲ ಸುತ್ತಿನ ನಂತರ ಸಣ್ಣ ತೂತುಗಳಿಗೆ ಅದೇ ಬಣ್ಣದ ಸಿಮೆಂಟು ತುಂಬಿಸಿ ಒಣಗಲು ಬಿಡಬೇಕು, ಅದನ್ನು ಹಾರಿಸಿದರೆ ಹೊಳಪಿನ ನಡುವೆ ಸಿಡುಬಿನ ಕಲೆಗಳಂತೆ ಎದ್ದು ಕಾಣುತ್ತವೆ. ಮೇಷ್ಟ್ರ ಮನೆಯ ಇಡೀ ನೆಲ ₹26 ಸಾವಿರದಲ್ಲಿ ಆಯಿತು. ಮಿಷನ್ನು ನಿಂತ ಮೇಲೆ ಮೇಷ್ಟ್ರ ಹೆಂಡತಿ ಬಂದು ಬಗ್ಗಿ ಕೈಯಾಡಿಸಿ, ‘ಗೃಹಪ್ರವೇಶದ ದಿನ ಹೀಗಿತ್ತು ಕಣ್ರೀ’ ಅಂದರು. ಮಗ ತನ್ನ ಟೈಲಿನ ಮಾತು ಮತ್ತೆ ಎತ್ತಲಿಲ್ಲ.

ರೆಡ್ ಆಕ್ಸೈಡ್ ನೆಲಕ್ಕೆ ಮಿಷನ್ನು ಮುಟ್ಟಿಸಬೇಡಿ. ಬಣ್ಣ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಅಪ್ಪ ಅದನ್ನು ಹಾಕುವಾಗ ಸಿಮೆಂಟಿಗೆ ಆಕ್ಸೈಡ್ ಪುಡಿ ಬೆರೆಸುವುದನ್ನು ಯಾರ ಕೈಗೂ ಬಿಡುತ್ತಿರಲಿಲ್ಲ. ಒಂದು ರೂಮಿಗೆ ಬೇಕಾದ ಪುಡಿಯನ್ನು ಒಂದೇ ಸಲ ಕಲೆಸಿಟ್ಟುಕೊಳ್ಳುತ್ತಿದ್ದರು, ಇಲ್ಲದಿದ್ದರೆ ಪಟ್ಟೆ ಪಟ್ಟೆಯಾಗುತ್ತದೆ ಅಂತ. ಮಂಡಿಯೂರಿ ಹಿಂದಕ್ಕೆ ಸರಿಯುತ್ತ ಕರಣೆಯಲ್ಲಿ ತೀಡಿ ತೀಡಿ ಅವರ ಮಂಡಿಯೇ ಕಪ್ಪಾಗಿತ್ತು. ಅಂಥ ನೆಲಕ್ಕೆ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆ ಹನಿ ಹನಿ ಹಾಕಿ ಬಟ್ಟೆಯಲ್ಲಿ ಉಜ್ಜಿದರೆ ಅಥವಾ ಅಂಗಡಿಯಲ್ಲಿ ಸಿಗುವ ಕೆಂಪು ಮೇಣದ ಪಾಲಿಶ್ ಹಚ್ಚಿದರೆ ಸಾಕು. ಈಗ ಹೊಸ ಮನೆ ಕಟ್ಟುವವರೇ ಈ ನೆಲ ಬೇಕು ಅಂತ ಮೇಸ್ತ್ರಿಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದಾರೆ. ಇರುವುದನ್ನು ಟೈಲಿನಡಿ ಹೂಳುವುದು ಯಾವ ಜಾಣತನ?

ಪಾಲಿಶ್ ಮುಗಿಯುವ ತನಕ ಬಣ್ಣದವರನ್ನು ಒಳಗೆ ಬಿಡಬೇಡಿ, ಕೆಸರು ಗೋಡೆಗೆಲ್ಲ ಸಿಡಿಯುತ್ತದೆ. ವೈರು, ಪೈಪು ಅಗೆಯುವ ಕೆಲಸ ಅದಕ್ಕೂ ಮುಂಚೆ ಆಗಬೇಕು.

ವೈರಿಂಗಿನ ವಿಷಯದಲ್ಲಿ ಜಿಪುಣತನ ಬೇಡ, ದುಂದೂ ಬೇಡ. ಕಿಟ್‌ಕ್ಯಾಟ್ ಫ್ಯೂಸು ತೆಗೆಸಿ ಎಂಸಿಬಿ ಪೆಟ್ಟಿಗೆ, ಜೊತೆಗೆ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಶಾಕ್ ಹೊಡೆಯುವ ಹೊತ್ತಿಗೆ ಕರೆಂಟು ಕಡಿಯುವುದು ಅದೇ. ಅರ್ತಿಂಗ್ ಗುಂಡಿ ಒಣಗಿ ಹೋಗಿರುತ್ತದೆ, ಪರೀಕ್ಷೆ ಮಾಡಿಸಿ, ಬೇಕಾದರೆ ಹೊಸದು ತೋಡಿಸಿ. ಮರದ ಬೋರ್ಡಿನ ಕಪ್ಪು ಸ್ವಿಚ್ಚುಗಳ ಜಾಗಕ್ಕೆ ಸಾದಾ ಬಿಳಿ ಸ್ವಿಚ್ಚು ಬಂದರೆ ಮನೆಯ ವಯಸ್ಸು ಹತ್ತು ವರ್ಷ ಇಳಿದಂತೆ ಕಾಣುತ್ತದೆ. ಹಳೇ ಜಿಐ ಪೈಪು ತುಕ್ಕು ಹಿಡಿದು ಒಳಗೆ ಕಿರಿದಾಗಿ, ನಲ್ಲಿ ಬಿಟ್ಟರೆ ಮೊದಲು ಕೆಂಪು ನೀರು ಬರುತ್ತದೆ. ಮನೆ ನೋಡಲು ಬಂದವರ ಜೊತೆಯ ಅಜ್ಜಿ ಮೊದಲು ತಿರುಗಿಸುವುದೇ ನಲ್ಲಿಯನ್ನು! ಗೋಡೆ ಅಗೆಯದೆ ಹೊರಗಡೆಯಿಂದ ಸಿಪಿವಿಸಿ ಪೈಪು ಎಳೆದು ಬಚ್ಚಲಿಗೂ ಅಡುಗೆಮನೆಗೂ ಕೊಡಬಹುದು. ಸಂಪು, ಟ್ಯಾಂಕು ತೊಳೆಸಿ.

ಬಚ್ಚಲಮನೆಯ ಟೈಲು ಗಟ್ಟಿಯಿದ್ದರೆ ಸಂದುಗಳ ಕಪ್ಪು ಗ್ರೌಟು ಕೆರೆದು ಹೊಸದು ತುಂಬಿಸಿದರೆ ಮುಕ್ಕಾಲು ಪಾಲು ಕೆಲಸ ಆದಂತೆ. ಆ್ಯಸಿಡ್ ಮಾತ್ರ ದಯವಿಟ್ಟು ಬೇಡ, ಸಂದಿನ ಸಿಮೆಂಟನ್ನು ತಿಂದುಹಾಕಿ ಸೋರಿಕೆಗೆ ದಾರಿ ಮಾಡುತ್ತದೆ. ಎರಡು ಟಾಯ್ಲೆಟ್ ಇರುವ ಮನೆಯಲ್ಲಿ ಒಂದಾದರೂ ಕಮೋಡ್ ಇರಲಿ, ಮಂಡಿನೋವಿನವರು ಇಲ್ಲದ ಸಂಸಾರ ಈಗ ಎಲ್ಲಿದೆ? ಅಡುಗೆಮನೆಯಲ್ಲಿ ಕಡಪ ಕಟ್ಟೆಯ ಮೇಲೆ ಒಂದು ಗ್ರಾನೈಟ್ ಹಲಗೆ, ಹೊಸ ಸ್ಟೀಲ್ ಸಿಂಕು, ಒಗ್ಗರಣೆ ಎಣ್ಣೆ ಅಂಟಿದ ಎಕ್ಸಾಸ್ಟ್ ಫ್ಯಾನಿನ ಬದಲಿಗೆ ಇನ್ನೊಂದು. ಅಷ್ಟೇ.

ಬಣ್ಣ ಕೊನೆಗೆ. ಹಿಂದೆ ಸುಣ್ಣ, ಆಮೇಲೆ ಡಿಸ್ಟೆಂಪರ್ ಬಳಿದ ಗೋಡೆಗಳಲ್ಲಿ ಪದರದ ಮೇಲೆ ಪದರ ಕೂತಿರುತ್ತದೆ. ಅದನ್ನು ಕೆರೆಯದೆ ದುಬಾರಿ ಎಮಲ್ಶನ್ ಬಳಿದರೆ ಆರು ತಿಂಗಳಲ್ಲಿ ಹಪ್ಪಳ ಏಳುತ್ತದೆ. ಕೆರೆಯುವ ಕೂಲಿಗೆ ಚೌಕಾಸಿ ಮಾಡಬೇಡಿ, ಬಣ್ಣದ ದರ್ಜೆಯಲ್ಲಿ ಮಾಡಿ. ಒಳಗೆಲ್ಲ ಒಂದೇ ತಿಳಿ ಬಣ್ಣ, ಕೆನೆ ಬಿಳಿಯೋ ತಿಳಿ ಬೂದಿಯೋ. ಒಂದು ಗೋಡೆಗೆ ನೇರಳೆ ಬಳಿಯುವ ಹುಚ್ಚು ಬೇಡ. ಬಾಗಿಲು, ಗ್ರಿಲ್ಲುಗಳ ಹಳೇ ಎನಾಮಲ್‌ನಲ್ಲಿ ಸೀಸ ಇರುವ ಸಂಭವ ಹೆಚ್ಚು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಬಂದದ್ದೇ 2016ರಲ್ಲಿ. ಹಾಗಾಗಿ ಒಣಗಿದ್ದನ್ನು ಉಜ್ಜಿ ಪುಡಿ ಹಾರಿಸಬೇಡಿ, ವಾಟರ್ ಪೇಪರಿನಲ್ಲಿ ಒದ್ದೆ ಮಾಡಿಕೊಂಡೇ ಉಜ್ಜಿಸಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ತೇಗದ ಎದುರು ಬಾಗಿಲಿಗೆ ಯಾರಾದರೂ ಚಾಕೊಲೇಟ್ ಎನಾಮಲ್ ಬಳಿದಿದ್ದರೆ ಅದನ್ನು ಬಿಡಿಸಿ ಪಾಲಿಶ್ ಕೊಡಿಸಿ. ಆ ಬಾಗಿಲ ಮುಂದೆ ನಿಂತು ಬೀಗದ ಕೈ ಹುಡುಕುವಷ್ಟು ಹೊತ್ತು ಬಂದವರ ಕಣ್ಣು ಅಲ್ಲೇ ಇರುತ್ತದೆ.

ಇದನ್ನೆಲ್ಲ ಯಾವಾಗ ಮಾಡಿಸಬೇಕು ಅಂತ ಪಂಚಾಂಗ ಹೇಳುತ್ತದೆ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ, ಪಿತೃಪಕ್ಷದಲ್ಲೂ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಆಷಾಢದ ಜಡಿ ಗಾಳಿಯಲ್ಲಿ ಹೊರಗೋಡೆ ಒಣಗುವುದಿಲ್ಲ. ಮೈಸೂರಿಗೆ ಜೋರು ಮಳೆ ಸುರಿಯುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಲೆಕ್ಕ ಹಾಕಿದರೆ ಧನುರ್ಮಾಸವೇ ನಮ್ಮ ಕಸುಬಿಗೆ ಹೇಳಿ ಮಾಡಿಸಿದ ಕಾಲ: ಒಣ ಹವೆ, ಮನೆ ನೋಡುವವರ ಕಾಟ ಇಲ್ಲ, ಸಂಕ್ರಾಂತಿ ಕಳೆಯುತ್ತಿದ್ದಂತೆ ಹೊಸ ಬಣ್ಣದ ಮನೆ ತಯಾರು. ವಾಸ್ತುವಿಗಾಗಿ ಗೋಡೆ ಒಡೆಸುವುದಕ್ಕೆ ನಾನು ಒಪ್ಪುವುದಿಲ್ಲ. ಈಶಾನ್ಯ ಮೂಲೆಯಲ್ಲಿ ಒಟ್ಟಿದ ಗುಜರಿ ತೆಗೆಸಿ ಅಂತ ಮಾತ್ರ ಹೇಳುತ್ತೇನೆ, ಅದಕ್ಕೆ ಖರ್ಚಿಲ್ಲ.

ಎಲ್ಲಕ್ಕಿಂತ ಅಗ್ಗದ ರಿಪೇರಿ ಕಾಗದದ್ದು, ಜನ ಕೊನೆಗೆ ಬಿಡುವುದೂ ಅದನ್ನೇ. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಖಾತೆ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದರೆ, ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿದ್ದರೆ, ಆ ಕೆಲಸ ಬಣ್ಣದವನನ್ನು ಕರೆಯುವ ಮುಂಚೆಯೇ ಶುರುವಾಗಲಿ. ಸಿಐಟಿಬಿಯ ಹಂಚಿಕೆ ಪತ್ರ, ಕ್ರಯಪತ್ರ, ಮಂಜೂರಾದ ನಕ್ಷೆ, ಇಲ್ಲಿಯವರೆಗಿನ ಋಣಭಾರ ಪತ್ರ, ಕಂದಾಯದ ರಸೀತಿ, ಕರೆಂಟು ಮತ್ತು ನೀರಿನ ಬಿಲ್ಲು ಒಂದು ಫೈಲಿನಲ್ಲಿರಲಿ. ಮನೆ ಸಾಲ ಯಾವತ್ತೋ ತೀರಿಸಿ, ಅದು ತೀರಿದ್ದು ಋಣಭಾರ ಪತ್ರದಲ್ಲಿ ಏರದೇ ಉಳಿದಿರುವ ಮನೆಗಳು ಎಷ್ಟೋ. ಒಂದು ಸಲ ತೆಗೆಸಿ ನೋಡಿಬಿಡಿ.

ಬಿಲ್ಲುಗಳ ವಿಷಯದಲ್ಲಿ ಗಿರಾಕಿಗಳು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಈ ಖರ್ಚನ್ನು ಟ್ಯಾಕ್ಸಿನಲ್ಲಿ ಕಳೆಯಬಹುದಾ?’ ಬಣ್ಣ, ಪಾಲಿಶು, ನಲ್ಲಿ ಬದಲಾವಣೆಯಂಥವು ಸಾಮಾನ್ಯವಾಗಿ ಮನೆಯ ಸುಧಾರಣಾ ವೆಚ್ಚ ಅನ್ನಿಸಿಕೊಳ್ಳುವುದಿಲ್ಲ. ಮೇಲೆ ಕಟ್ಟಿಸಿದ ರೂಮಿನಂಥ ಶಾಶ್ವತ ಕೆಲಸ ಲೆಕ್ಕಕ್ಕೆ ಬರುತ್ತದೆ, ಬ್ರೋಕರ್ ಕಮಿಷನ್ನು ಮಾರಾಟದ ಖರ್ಚಾಗಿ ಕಳೆಯುತ್ತದೆ. ಅದನ್ನು ಬ್ಯಾಂಕಿನ ಮೂಲಕ ಕೊಟ್ಟು ರಸೀತಿ ಪಡೆಯಿರಿ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಯನ್ನು ಈಗ ಮಾರಿದರೆ, ಭಾರತದಲ್ಲೇ ವಾಸವಿರುವವರು ಇಂಡೆಕ್ಸೇಶನ್ ಇಲ್ಲದೆ ಶೇ 12.5 ಅಥವಾ ಇಂಡೆಕ್ಸೇಶನ್ ಸಹಿತ ಶೇ 20, ಎರಡರಲ್ಲಿ ಯಾವುದು ಕಡಿಮೆಯೋ ಆ ಲೆಕ್ಕದಲ್ಲಿ ತೆರಿಗೆ ಕಟ್ಟಬಹುದು. ಹೊರದೇಶದಲ್ಲಿ ನೆಲೆಸಿರುವ ಮಕ್ಕಳ ಪಾಲಿಗೆ ಈ ಆಯ್ಕೆ ಇಲ್ಲ. ಪತ್ರದಲ್ಲಿ ಅಂಥವರ ಹೆಸರೂ ಇದ್ದರೆ ಬೆಲೆ ಕುದುರಿಸುವ ಮೊದಲೇ ಆಡಿಟರ್ ಹತ್ತಿರ ಹೋಗಿ ಕೂತುಕೊಳ್ಳಿ.